ಲಕ್ಕುಂಡಿಯ ಕತ್ತಲೆ ಮಂಟಪಕ್ಕೆ 120 ಫಿಲ್ಮ್, ಬೇಸಿಗೆಗೆ 24 ಡಿಗ್ರಿ

ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಮನೆಯೊಳಗೆ ಫಿಲ್ಮ್ ತೊಳೆಯಲಿಕ್ಕಾಗದು (ಅಂದರೆ ಡೆವಲಪ್ ಮಾಡಲಿಕ್ಕಾಗದು), ತೊಳೆದರೂ ಡಿಜಿಟಲ್ಲಿನ ಮುಂದೆ ನಿಲ್ಲದು ಎಂದು ನಮ್ಮ ಕಡೆಯ ಸ್ಟುಡಿಯೋದವರು ಹೇಳುತ್ತಲೇ ಬಂದಿದ್ದರು. ಈಗ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಕತ್ತಲೆ ಮಂಟಪದ್ದು, 120 ಎಂಬ ಅಗಲ ರೋಲ್ ಫಿಲ್ಮಿನ ನೆಗೆಟಿವ್ ಕೈಯಲ್ಲಿದೆ. ತಿರುಗಣಿ ಕಂಬದ ನಯವೂ ಬಂದಿದೆ, ಬಾಗಿಲಾಚೆಯ ಬಿಸಿಲಿನ ಕಲ್ಲೂ ಉಳಿದಿದೆ.

ಅದೇ ಜಾಗದಲ್ಲಿ 24 ಮೆಗಾಪಿಕ್ಸೆಲ್ ಡಿಜಿಟಲ್ಲಿನಲ್ಲಿ ಮೂರು ಎಕ್ಸ್‌ಪೋಷರ್ ಕೂಡಿಸಬೇಕಾಯಿತು. ಬಾಗಿಲ ಅಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಫಿಲ್ಮಿಗೆ ಲೆಕ್ಕ ಉಲ್ಟಾ: ನೆರಳಿಗೆ ಬೆಳಕಿನ ಅಳತೆ ಹಿಡಿದು, ಬಿಸಿಲಿನ ಭಾಗ ಅತಿಯಾಗದಂತೆ ಡೆವಲಪ್ ಮಾಡುವಾಗ ತಡೆಯಬೇಕು. ಎಫ್‌ಪಿ4 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮನ್ನು ಐಎಸ್‌ಒ 64ಕ್ಕೆ ಇಟ್ಟೆ. ಯಾಶಿಕಾ ಮ್ಯಾಟ್ ಕ್ಯಾಮೆರಾ, ಒತ್ತಿದಷ್ಟು ಹೊತ್ತು ತೆರೆದಿರುವ ಬಿ ಶಟರ್, ಕೇಬಲ್ ರಿಲೀಸ್. ಹೊತ್ತು ಹೆಚ್ಚಾದಷ್ಟೂ ಫಿಲ್ಮ್ ಬೆಳಕು ಹಿಡಿಯುವುದು ನಿಧಾನವಾಗುತ್ತದೆ, ಅದಕ್ಕೆ ಮೀಟರ್ 8 ಸೆಕೆಂಡ್ ಅಂದರೆ 14, 15 ಅಂದರೆ 30 ಕೊಡಿ. ಇದನ್ನು ಮರೆತ ಎರಡು ರೋಲಿನಲ್ಲಿ ಕಂಬಗಳೇ ಇರಲಿಲ್ಲ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ.

ನಿಜವಾದ ಪೆಟ್ಟು ಬಿದ್ದದ್ದು ನೀರಿನಿಂದ. ನಳದ ನೀರು 31 ಡಿಗ್ರಿಯ ಆಸುಪಾಸು. ಆ ಶಾಖದಲ್ಲಿ ಡೆವಲಪ್ ಸಮಯ ನಾಲ್ಕು ನಿಮಿಷಕ್ಕಿಳಿಯಿತು, ಆಕಾಶದ ತುಂಬ ಪಟ್ಟೆ. ಮುಂದಿನ ಸಲ ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) 20ಕ್ಕೆ ತಂಪು ಮಾಡಿ, ಕೊನೆಗೆ ನಳದ ನೀರಲ್ಲೇ ತೊಳೆದೆ. ಒಮ್ಮೆಲೇ ಬಿಸಿ ತಗುಲಿ ಫಿಲ್ಮಿನ ಮೇಲಿನ ಲೇಪ (ಎಮಲ್ಷನ್) ಸುಕ್ಕುಗಟ್ಟಿ, ಚಿತ್ರದ ಕಣ (ಗ್ರೇನ್) ಉಪ್ಪಿಟ್ಟಿನ ರವೆಯಂತಾಯಿತು. ಹೀಗೆ ಹಾಳಾದ ರೋಲು ಹನ್ನೆರಡೋ ಹದಿಮೂರೋ. ರೋಲಿಗೆ ಸಾವಿರದ ಹತ್ತಿರ ಹಿಡಿದರೆ ಹೋದ ರೊಕ್ಕ ಗೊತ್ತಾಗುತ್ತದೆ.

ಕೊನೆಗೆ 20ರ ಹಟ ಬಿಟ್ಟು ಎಲ್ಲವನ್ನೂ 24ಕ್ಕೆ ನಿಲ್ಲಿಸಿದೆ. ಡೆವಲಪರ್, ಅದನ್ನು ನಿಲ್ಲಿಸುವ ಸ್ಟಾಪ್, ಚಿತ್ರ ಕಾಯಂ ಮಾಡುವ ಫಿಕ್ಸರ್, ತೊಳೆಯುವ ನೀರು, ಖಾಲಿ ಟ್ಯಾಂಕ್ ಎಲ್ಲ ಒಂದೇ ಟಬ್ಬಿನಲ್ಲಿ. ಸುತ್ತ ನೀರು, ಅದರಲ್ಲಿ ಫ್ರೀಜರಿನಲ್ಲಿ ಐಸಾದ ಒಂದೊಂದು ಲೀಟರಿನ ಎರಡು ಬಾಟಲಿ. ಐಸನ್ನು ನೇರ ದ್ರಾವಣಕ್ಕೆ ಹಾಕಬೇಡಿ, ತೆಳುವಾಗುತ್ತದೆ. ಡೆವಲಪರ್ ಡಿ-76, ನೀರಿನೊಡನೆ ಒಂದಕ್ಕೊಂದು, ಅರ್ಧ ಲೀಟರ್. 20ರ ಹನ್ನೊಂದು ನಿಮಿಷ 24ಕ್ಕೆ ಎಂಟರ ಹತ್ತಿರ ಬರುತ್ತದೆ. ಬಿಸಿಲು ತಡೆಯಲು ನಾನು ಕೊಡುವುದು ಆರೂವರೆ. ಮೊದಲ ಅರ್ಧ ನಿಮಿಷ ಟ್ಯಾಂಕ್ ಅಲುಗಿಸುವ ರೀತಿ ಸದ್ಯ ನನ್ನ ಹತ್ತಿರವೇ ಇರಲಿ. ಫಿಕ್ಸ್ ಆದಮೇಲೆ ಹರಿಯುವ ನೀರು ಬೇಡ: ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ಲಿ, ಆಮೇಲೆ 10, ಆಮೇಲೆ 20. ಒಂದೂವರೆ ಲೀಟರಿನಲ್ಲಿ ಮುಗಿಯಿತು. ಬೋರಿನ ನೀರಿನ ಸುಣ್ಣ ಬಿಳಿ ಚುಕ್ಕೆ ಬಿಡುತ್ತದೆ, ಅದಕ್ಕೆ ಕೊನೆಯ ಅದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ.

ನಡುವೆ ಡೆವಲಪರ್ ಬದಲು ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕೂಡಿಸಿಯೂ ತೊಳೆದು ನೋಡಿದೆ. ಚಿಕೋರಿ ಬೆರೆತ ಪುಡಿಗೆ ನೆಗೆಟಿವ್ ತೆಳುವಾಯಿತು, ಬರೇ ಇನ್‌ಸ್ಟಂಟ್ ಕಾಫಿಗೆ ಚೆನ್ನಾಗಿ ಬಂತು. ವಾಸನೆ ಮಾತ್ರ ಎರಡು ದಿನ ಹೋಗುವುದಿಲ್ಲ.

ಸ್ಕ್ಯಾನಿಗೆ ಹೊರಗೆ ಕೊಡುವುದೂ ಬಿಟ್ಟೆ. ಅದೇ ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಎಲ್‌ಇಡಿ ಪ್ಯಾನೆಲ್. ಚೌಕ ನೆಗೆಟಿವನ್ನು ಒಂದೇ ಸಲ ಹಿಡಿದರೆ 16 ಮೆಗಾಪಿಕ್ಸೆಲ್ ಅಷ್ಟೇ. ಫ್ರೇಮಿನ ಉದ್ದ ಬದಿಗೆ ನೆಗೆಟಿವ್ ತುಂಬಿಸಿ, ನೆಗೆಟಿವನ್ನು 20 ಮಿ.ಮೀ.ನಷ್ಟು ಸರಿಸಿ ಇನ್ನೊಂದು ತೆಗೆದು ಕೂಡಿಸಿದರೆ ಸುಮಾರು 35. ಎಫ್ 8, ಐಎಸ್‌ಒ 100. ಫಿಲ್ಮನ್ನು ಪ್ಯಾನೆಲ್ಲಿನಿಂದ ನಾಲ್ಕು ಬೆರಳು ಮೇಲಿಡಿ, ಇಲ್ಲವಾದರೆ ಪ್ಯಾನೆಲ್ಲಿನ ಧೂಳೆಲ್ಲ ಕಂಬದ ಮೇಲೆ ಬಂದು ಕೂರುತ್ತದೆ.