ಎಚ್‌ಬಿ ಕಡಿಮೆ ಬಂದಿದೆಯಾ? ಮೊದಲು ಯಾಕೆ ಅಂತ ಹುಡುಕಿ

ರಿಪೋರ್ಟ್‌ನಲ್ಲಿ ಎಚ್‌ಬಿ, ಅಂದರೆ ರಕ್ತದಲ್ಲಿರುವ ಹಿಮೋಗ್ಲೋಬಿನ್, 9 ಅಂತ ಬಂದರೆ ಸಾಕು, ಮನೆಯಲ್ಲಿ ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ಖರ್ಜೂರ ಶುರುವಾಗುತ್ತದೆ. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಬೀಟ್‌ರೂಟ್ ಕೆಂಪಗಿದೆ ಅಂತ ಅದರಿಂದ ರಕ್ತ ಹೆಚ್ಚುವುದಿಲ್ಲ, 100 ಗ್ರಾಂನಲ್ಲಿ 1 ಮಿಲಿಗ್ರಾಂನಷ್ಟು ಕಬ್ಬಿಣಾಂಶವೂ ಅದರಲ್ಲಿಲ್ಲ. ಏನು ತಿನ್ನಬೇಕು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ರಕ್ತ ಯಾಕೆ ಕಡಿಮೆ ಆಯ್ತು ಅನ್ನುವುದು.

ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11. ಇದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದು ಇದೆ. ಇಷ್ಟು ಜನರಿಗೆ ಇರುವುದರಿಂದಲೇ ಏನೋ, ಹೆಂಗಸರಿಗೆ ಸುಸ್ತು ಇದ್ದದ್ದೇ ಅಂತ ಎಲ್ಲರೂ ಸುಮ್ನಾಗಿಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆಸುತ್ತು, ಕೂದಲು ಉದುರುವುದು, ಇವೆಲ್ಲ ಗೊತ್ತಿರುವ ಲಕ್ಷಣಗಳೇ. ಇನ್ನೊಂದಿದೆ, ಯಾರೂ ಡಾಕ್ಟರ್ ಹತ್ತಿರ ಹೇಳುವುದಿಲ್ಲ. ಅಕ್ಕಿ ಆರಿಸುವಾಗ ಒಂದು ಹಿಡಿ ಬಾಯಿಗೆ, ಡಬ್ಬಿ ಮುಚ್ಚುವ ಮೊದಲು ಮತ್ತೊಂದು ಹಿಡಿ. ಕೆಲವರಿಗೆ ಬಳಪ, ಕೆಲವರಿಗೆ ಮಣ್ಣು, ಕೆಲವರಿಗೆ ಐಸ್. ಅಕ್ಕಿ ತಿಂದು ತಿಂದು ರಕ್ತ ಕಡಿಮೆ ಆಯ್ತು ಅಂತ ಬೈಯುತ್ತಾರೆ. ಎಷ್ಟೋ ಸಲ ವಿಷಯ ಉಲ್ಟಾ: ಕಬ್ಬಿಣಾಂಶ ಕಡಿಮೆ ಆಗಿರುವುದರಿಂದಲೇ ಆ ಚಪಲ ಬಂದಿರುತ್ತದೆ, ಮಾತ್ರೆ ಶುರು ಮಾಡಿದ ಮೇಲೆ ಹೋಗಿಬಿಡುತ್ತದೆ. ಮನೆಯಲ್ಲಿ ಹೀಗೆ ತಿನ್ನುವವರಿದ್ದರೆ ಬೈಯುವ ಬದಲು ರಕ್ತ ಟೆಸ್ಟ್ ಮಾಡಿಸಿ.

ಬರೀ ಎಚ್‌ಬಿ ಅಲ್ಲ, ಎಲ್ಲ ರಕ್ತಕಣಗಳನ್ನೂ ಎಣಿಸುವ ಸಿಬಿಸಿ ಟೆಸ್ಟ್ ಪೂರ್ತಿ ಮಾಡಿಸಿ. ಅದರಲ್ಲಿ ಎಂಸಿವಿ ಅನ್ನುವ ಸಾಲು ಹುಡುಕಿ, ಕೆಂಪು ರಕ್ತಕಣದ ಗಾತ್ರ ಅದು. 80ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಕಬ್ಬಿಣಾಂಶದ ಕೊರತೆ, ಇಲ್ಲವೇ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ವಂಶಪಾರಂಪರ್ಯ ತೊಂದರೆ. 100 ದಾಟಿದ್ದರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯ ಅನುಮಾನ. ನಡುವೆ ಇದ್ದರೆ ಕಿಡ್ನಿ ತೊಂದರೆ, ಬಹಳ ದಿನದ ಕಾಯಿಲೆ, ಅಥವಾ ಇತ್ತೀಚೆಗೆ ರಕ್ತ ಹೋಗಿರುವುದು, ಹೀಗೆ ನೋಡುತ್ತಾರೆ. ಜೊತೆಗೆ ಫೆರಿಟಿನ್ ಟೆಸ್ಟ್ ಮಾಡಿಸಿದರೆ ಒಳಗೆ ಕಬ್ಬಿಣಾಂಶ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. 15ಕ್ಕಿಂತ ಕಡಿಮೆ ಬಂದರೆ ಕಬ್ಬಿಣಾಂಶದ ಕೊರತೆಯೇ, ಅನುಮಾನವೇ ಬೇಡ. ಜ್ವರ, ಸೋಂಕು ಇದ್ದಾಗ ಮಾತ್ರ ಇದು ಸುಳ್ಳೇ ಜಾಸ್ತಿ ತೋರಿಸಬಹುದು.

ಕಬ್ಬಿಣಾಂಶ ಖಾಲಿ ಆಗುವುದು ಊಟದಲ್ಲಿ ಸಾಲದೆ ಮಾತ್ರ ಅಲ್ಲ, ರಕ್ತ ಹೊರಗೆ ಹೋಗಿಯೂ ಆಗುತ್ತದೆ. ಮುಟ್ಟು ಏಳು ದಿನ ದಾಟುತ್ತಿದೆಯಾ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾ, ಗಡ್ಡೆ ಗಡ್ಡೆ ಹೋಗುತ್ತಿದೆಯಾ, ನಾಚಿಕೆ ಬಿಟ್ಟು ಹೇಳಿ. ಮೂಲವ್ಯಾಧಿ, ಹೊಟ್ಟೆ ಹುಣ್ಣು, ಮಂಡಿನೋವಿಗೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆ, ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಕೊಕ್ಕೆಹುಳ, ಇವೆಲ್ಲ ಕಾರಣಗಳೇ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶ ಕಡಿಮೆ ಬಂದರೆ ಮಾತ್ರೆ ತಗೊಂಡು ಸುಮ್ನಿರಬೇಡಿ. ಹೊಟ್ಟೆ, ಕರುಳಲ್ಲಿ ರಕ್ತ ಸೋರುತ್ತಿರಬಹುದು, ಕ್ಯಾನ್ಸರ್ ಕೂಡ ಮೊದಲು ಹೀಗೇ ಕಾಣಿಸಿಕೊಳ್ಳುವುದುಂಟು.

ಈಗ ಕಬ್ಬಿಣಾಂಶದ ಮಾತ್ರೆ. ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದ ಮೇಲೆ, ನೀರು ಅಥವಾ ನಿಂಬೆ ಪಾನಕದ ಜೊತೆ ತಗೊಳ್ಳಿ. ಕಾಫಿ, ಟೀ, ಹಾಲಿನ ಜೊತೆ ಬೇಡವೇ ಬೇಡ, ಮಾತ್ರೆ ಮೈಗೆ ಹತ್ತುವುದಿಲ್ಲ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಯೂ ಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೆ ನುಂಗುವವರೇ ಜಾಸ್ತಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾಡಿಕೊಳ್ಳಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ ವಿಪರೀತ ವಾಸನೆ ಬಂದರೆ ಒಳಗೆ ರಕ್ತ ಹೋಗುತ್ತಿರಬಹುದು, ತಕ್ಷಣ ತೋರಿಸಿ. ವಾಕರಿಕೆ, ಮಲಬದ್ಧತೆ ಆದರೆ ನಿಲ್ಲಿಸಿಬಿಡಬೇಡಿ. ಊಟದ ನಂತರ ತಗೊಂಡು ನೋಡಿ, ಅಥವಾ ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ಹಾಗೆ ತಗೊಂಡರೂ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ದುಬಾರಿ ಟಾನಿಕ್ಕೇ ಆಗಬೇಕು ಅಂತೇನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ, ಅದೂ ಉಚಿತ. ಬಸುರಿಯಾಗಿದ್ದಾಗ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಈ ಎರಡನೇ 180 ದಿನವನ್ನು ಎಷ್ಟೋ ಬಾಣಂತಿಯರು ಮರೆತೇಬಿಡುತ್ತಾರೆ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಚಾಕ್ಲೇಟ್ ಅಂತ ನಾಲ್ಕಾರು ತಿಂದರೆ ಪ್ರಾಣಕ್ಕೇ ಅಪಾಯ.

ಊಟದಲ್ಲಿ ರಾಗಿ, ಹುರುಳಿ, ಸೊಪ್ಪು ಇರಲಿ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಕಬ್ಬಿಣಾಂಶ ಇನ್ನೂ ಚೆನ್ನಾಗಿ ಸಿಗುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಪಕ್ಕದಲ್ಲಿ ಒಂದು ಸೀಬೆಹಣ್ಣು. ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ಊಟ ಮುಗಿಸಿದ ಕೂಡಲೇ ಕಾಫಿ ಕುಡಿಯುವುದನ್ನು ಮಾತ್ರ ಒಂದು ಗಂಟೆ ಮುಂದಕ್ಕೆ ಹಾಕಿ.

ಬಿ12 ಕತೆ ಬೇರೆ. ಮಾಂಸ, ಮೊಟ್ಟೆ ತಿನ್ನದವರಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ, ಗ್ಯಾಸ್ಟ್ರಿಕ್ ಮಾತ್ರೆ ಬಿಡದೆ ನುಂಗುವವರಿಗೆ ಇದು ಜಾಸ್ತಿ. ಪಾದ ಜೋಮು ಹಿಡಿಯುತ್ತದೆ, ನಾಲಿಗೆ ನುಣುಪಾಗಿ ಉರಿಯುತ್ತದೆ. ಬಿ12 ಕೊರತೆಗೆ ಬರೀ ಫೋಲಿಕ್ ಆಸಿಡ್ ತಗೊಂಡರೆ ಎಚ್‌ಬಿ ಏರಬಹುದು, ಆದರೆ ನರದ ತೊಂದರೆ ಒಳಗೊಳಗೇ ಮುಂದುವರಿಯುತ್ತದೆ. ಇಂಜೆಕ್ಷನ್ ಅಥವಾ ಬಿ12 ಮಾತ್ರೆಯೇ ಬೇಕು.

ಥಲಸ್ಸೇಮಿಯಾ ವಾಹಕರಿಗೆ, ಅಂದರೆ ಅದರ ಜೀನ್ ಇದ್ದೂ ತೀವ್ರ ಕಾಯಿಲೆ ಇಲ್ಲದವರಿಗೆ, ಕಣ ಚಿಕ್ಕದಾಗಿದ್ದರೂ ಫೆರಿಟಿನ್ ಸರಿಯಾಗಿಯೇ ಇರಬಹುದು, ಆಗ ಕಬ್ಬಿಣಾಂಶದ ಮಾತ್ರೆಯಿಂದ ಉಪಯೋಗ ಇಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ತೀವ್ರ ಕಾಯಿಲೆಯ ಸಾಧ್ಯತೆ, ಹಾಗಾಗಿ ಮದುವೆಗೆ ಮೊದಲೇ ತಿಳಿದರೆ ಒಳ್ಳೆಯದು. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ಕಾಯಿಲೆ ಕೂಡ ಇದೆ, ಅದಕ್ಕೆ ಬೇರೆಯೇ ಟೆಸ್ಟ್, ಬೇರೆಯೇ ಚಿಕಿತ್ಸೆ.

ಎಚ್‌ಬಿ 7ಕ್ಕಿಂತ ಕೆಳಗೆ ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಮನೆಮದ್ದು ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಡ್ರಿಪ್ಪೋ ರಕ್ತವೋ ಅಲ್ಲಿ ತೀರ್ಮಾನ ಮಾಡುತ್ತಾರೆ.

ಮಾತ್ರೆ ಶುರು ಮಾಡಿ ಒಂದು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿ, ಕಡಿಮೆ ಅಂದರೂ 1 ಗ್ರಾಂ ಏರಿರಬೇಕು. ಎಚ್‌ಬಿ ಸರಿ ಹೋದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬೇಡಿ, ಖಾಲಿ ಆದ ಸಂಗ್ರಹ ತುಂಬುವುದು ಆಗಲೇ. ಏರಲೇ ಇಲ್ಲ ಅಂದರೆ ಇನ್ನೊಂದು ಟಾನಿಕ್ ಬರೆಸಿಕೊಂಡು ಬರಬೇಡಿ. ಮಾತ್ರೆ ಹೇಗೆ ತಗೊಂಡಿರಿ ಅಂತ ಡಾಕ್ಟರಿಗೆ ನಿಜ ಹೇಳಿ, ಆಮೇಲೆ ಬಿ12, ಥಲಸ್ಸೇಮಿಯಾಗೆ ನೋಡುವ ಎಚ್‌ಬಿಎ2, ಮಲದಲ್ಲಿ ರಕ್ತ ಇದೆಯಾ ಅನ್ನುವ ಟೆಸ್ಟ್, ಇವು ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.