ಎಂಆರ್‌ಐ ಕೊಳವೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು: ನನ್ನ ಅನುಭವ

ಹೋದ ತಿಂಗಳು ಮೈಸೂರಿನಲ್ಲಿ ಸೊಂಟದ ಎಂಆರ್‌ಐ ಪೂರ್ತಿ ಮಾಡಿಸಿಕೊಂಡು ಬಂದೆ. ದೊಡ್ಡ ಕಾಂತದ ಕೊಳವೆಯೊಳಗೆ ಅಲ್ಲಾಡದೆ ಮಲಗಿಸಿ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್ ಅದು. ಸುಮಾರು 25 ನಿಮಿಷ. ನಿಲ್ಲಿಸಿ ಅಂತ ಹೇಳಲು ಕೈಗೆ ಕೊಟ್ಟ ಬೆಲ್ ಒಂದು ಸಲವೂ ಒತ್ತಲಿಲ್ಲ. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಅದಕ್ಕೆ ಮುಂಚೆ ಎರಡು ಸಲ ಇಕ್ಕಟ್ಟಿಗೆ ಹೆದರಿ ಅರ್ಧಕ್ಕೇ ಎದ್ದು ಬಂದವನು ನಾನು. "ಇವರ ಕೈಲಿ ಆಗಲ್ಲ" ಅಂತ ಮನೆಯವರು ಕೈಬಿಟ್ಟಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯದ ಹತ್ತಿರ ನನ್ನದೊಂದು ಹಿಟ್ಟಿನ ಮಿಲ್ ಇದೆ. ಮೂವತ್ತು ವರ್ಷ ರಾಗಿ ಮೂಟೆ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತು. ಮೊದಲ ಸಲ ಮೇಜು ಒಳಗೆ ಜಾರಿದಾಗ ಮೂಗಿನ ಮೇಲೆ ಒಂದು ಗೇಣು ಜಾಗ ಉಳಿಯಿತು. ಎರಡೇ ನಿಮಿಷ. ಎದೆ ಡವಡವ, ಅಂಗೈ ಬೆವರಿ ಬೆಲ್ಲಿನ ರಬ್ಬರ್ ಬುರುಡೆಯೇ ಜಾರುತ್ತಿತ್ತು. ಹೇಗೋ ಒತ್ತಿದೆ. ಕಟ್ಟಿದ್ದು 6,500, ವಾಪಸ್ ಬಂದದ್ದು 3,000. ಬಾಡಿಗೆ ಕಾರಿಗೆ 1,800. ಮಿಲ್ ಬಾಗಿಲು ಹಾಕಿದ್ದಕ್ಕೆ ಇನ್ನೊಂದು ಸಾವಿರ. ಕೈಗೆ ಒಂದು ಫಿಲ್ಮೂ ಬರಲಿಲ್ಲ.

ಎರಡನೇ ಸಲ ಡಾಕ್ಟರ್ ಒಂದು ಮಾತ್ರೆ ಬರೆದುಕೊಟ್ಟರು. ಒಂದು ಗಂಟೆ ಮುಂಚೆ ತಗೊಳ್ಳಿ ಅಂದಿದ್ದರು. ಮಂಡ್ಯ ಬಿಡುವಾಗಲೇ ನುಂಗಿದೆ. ಅಲ್ಲಿ ಹೋದರೆ ಅಪಘಾತದ ಕೇಸ್ ಬಂದು ಎರಡೂವರೆ ಗಂಟೆ ಕಾಯಬೇಕಾಯಿತು. ನಿದ್ದೆಯೆಲ್ಲ ಕುರ್ಚಿಯಲ್ಲೇ ಮುಗಿಯಿತು, ಒಳಗೆ ಹೋದಾಗ ಕಣ್ಣು ಪೂರ್ತಿ ಬಿಟ್ಟಿತ್ತು. ಪ್ರಾಣಾಯಾಮದ ಹಾಗೆ ಉದ್ದುದ್ದ ಉಸಿರು ಎಳೆದು ನೋಡಿದೆ. "ಸರ್, ಮೈ ಅಲ್ಲಾಡ್ತಿದೆ, ಚಿತ್ರ ಮಸುಕಾಗುತ್ತೆ, ಮಾಮೂಲಿ ಉಸಿರಾಡಿ" ಅಂತ ಮೈಕಿನಲ್ಲಿ ಹೇಳಿ ಮೊದಲಿಂದ ಶುರು ಮಾಡಿದರು. ಮೊದಲಿಂದ ಅನ್ನುವ ಮಾತು ಕೇಳಿದ್ದೇ ತಡ, ಎದ್ದುಬಿಟ್ಟೆ. ಈ ಸಲ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ಆದರೆ ಆ ದಿನ ಆ ಟೆಕ್ನಿಷಿಯನ್ ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ. ನನ್ನನ್ನು ಮೆಷಿನ್ನಿನ ಹಿಂದೆ ಕರೆದುಕೊಂಡು ಹೋಗಿ, "ನೋಡಿ ಸರ್, ಈ ಕಡೆನೂ ಬಾಯಿ ಇದೆ, ಫ್ಯಾನ್ ಗಾಳಿ ಬರುತ್ತೆ" ಅಂತ ತೋರಿಸಿದ. ನನ್ನ ಹೆದರಿಕೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು. ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ರಾಗಿಯ ಹಗೇವು, ಅಂದರೆ ನೆಲದೊಳಗಿನ ಕಣಜ, ಇತ್ತು. ಎಂಟು ವರ್ಷದವನಿದ್ದಾಗ ರಾಗಿ ತುಂಬಿಕೊಡಲು ನನ್ನನ್ನು ಒಳಗೆ ಇಳಿಸಿದ್ದರು. ಬಾಯಿ ತೆಗೆದು ಗಾಳಿಯಾಡಲು ಬಿಟ್ಟಿದ್ದು ಸಾಲದೆ, ಉಸಿರು ಕಟ್ಟಿ ಕೂಗಿದ್ದು ಇನ್ನೂ ನೆನಪಿದೆ. ಹಗೇವಿಗೆ ಒಂದೇ ಬಾಯಿ. ಇದಕ್ಕೆ ಎರಡು. ಇಷ್ಟು ತಿಳಿದದ್ದೇ ನನಗೆ ಅರ್ಧ ಔಷಧಿ.

ಭಾವಮೈದ ಮಾತ್ರ "ಸುಮ್ನೆ ನಿದ್ದೆ ಇಂಜೆಕ್ಷನ್ ಹಾಕಿಸ್ಕೊಂಡು ಮಲಗಿಬಿಡಿ ಭಾವ" ಅಂತ ಹಟ ಹಿಡಿದ. ಅದು ಬೇಡದ ಕೆಲಸ ಅಂತ ನಾನು ಹೇಳುವುದಿಲ್ಲ, ಎಷ್ಟೋ ಜನಕ್ಕೆ ಅದೇ ಸರಿ. ಆದರೆ ಅರಿವಳಿಕೆ ಡಾಕ್ಟರಿಗೆ ಬೇರೆ 4,000 ಚಿಲ್ಲರೆ. ನನಗೆ ಬಿಪಿ ಇದೆ, ಗೊರಕೆಯೂ ಜಾಸ್ತಿ. ಹದಿನೈದು ದಿನ ಕೊಡು, ಆಮೇಲೆ ನೋಡೋಣ ಅಂದೆ.

ಆ ಹದಿನೈದು ದಿನವೂ ರಾತ್ರಿ ಮಂಚದ ಕೆಳಗೆ ಮಲಗಿದೆ. ಜಮಖಾನೆ ಮೇಲೆ ಜಮಖಾನೆ ಹಾಸಿ, ಮೂಗಿಗೂ ಹಲಗೆಗೂ ಅದೇ ಒಂದು ಗೇಣು ಬರುವ ಹಾಗೆ ಎತ್ತರ ಮಾಡಿಕೊಂಡೆ. ಹಲಗೆಯ ಅಡಿಯಲ್ಲಿ ಬಡಗಿ ಪೆನ್ಸಿಲಿನಲ್ಲಿ ಗೀಚಿದ ಅಳತೆ ಇನ್ನೂ ಅಳಿಸಿರಲಿಲ್ಲ. ಮೊದಲ ರಾತ್ರಿ ಮೂರು ನಿಮಿಷಕ್ಕೆ ಹೊರಗೆ ಬಂದೆ. ಐದನೇ ರಾತ್ರಿ ಹತ್ತು ನಿಮಿಷ ಆಯಿತು. ಕೊನೆಗೆ ಮೊಬೈಲಿನಲ್ಲಿ ಸ್ಕ್ಯಾನ್ ಸದ್ದು ಹಾಕಿಕೊಂಡು ಅರ್ಧ ಗಂಟೆ. ಮಂಡಿ ಕೆಳಗೆ ಒಂದು ದಿಂಬು ಇಟ್ಟರೆ ಸೊಂಟದ ನೋವು ಕಡಿಮೆ ಅಂತ ಗೊತ್ತಾಗಿದ್ದೂ ಅಲ್ಲೇ. ಸ್ಕ್ಯಾನಿನಲ್ಲೂ ಕೇಳಿ, ಕೊಡುತ್ತಾರೆ.

ಸದ್ದಿನ ಮೇಲೂ ಒಂದಷ್ಟು ದಿನ ಪ್ರಯೋಗ ಮಾಡಿದೆ. ಕಾಂತದ ನಡುವೆ ಸುರುಳಿಗಳಲ್ಲಿ ಕರೆಂಟ್ ಬಿಟ್ಟು ಬಿಟ್ಟು ಹರಿದಾಗ ಅವು ಅದುರಿ ಆ ಸದ್ದು ಬರುತ್ತದಂತೆ. ಮೋಟಾರ್ ಜೊತೆ ಬದುಕಿದ ನನಗೆ ಅದು ಹಿಡಿಸಿತು. ಟಕಟಕ ಅಂದರೆ ನನ್ನ ಜರಡಿ, ಗೊರ್ರ್ ಅಂದರೆ ಬೆಲ್ಟ್ ಜಾರುವುದು. ಸದ್ದು ಬದಲಾದರೆ ಒಂದು ಸುತ್ತು ಮುಗಿದ ಲೆಕ್ಕ, ಒಂದೊಂದು ಸುತ್ತು ಮೂರೋ ನಾಲ್ಕೋ ನಿಮಿಷ. ಇನ್ನೊಂದು, ಬೆಳಿಗ್ಗೆ ಕಾಫಿ ಬಿಟ್ಟೆ. ಎರಡು ಲೋಟ ಕುಡಿದ ದಿನ ಮಂಚದ ಕೆಳಗೂ ಎದೆ ಹೊಡೆದುಕೊಂಡಿತ್ತು.

ಮೂರನೇ ಸಲ ಫೋನಿನಲ್ಲೇ ಕೊಳವೆಯ ಅಗಲ ಕೇಳಿದೆ. ಹಳೆಯ ಮೆಷಿನ್ 60 ಸೆಂಟಿಮೀಟರ್ ಇರುತ್ತದೆ, ದೊಡ್ಡ ಬಾಯಿಯದು 70. ಆ ಹತ್ತು ಸೆಂಟಿಮೀಟರಿಗಾಗಿ 700 ರೂಪಾಯಿ ಜಾಸ್ತಿ ಕೊಟ್ಟೆ. ಮೇಜು ಅಲ್ಲಾಡುವ ಮೊದಲೇ ಕಣ್ಣಿನ ಮೇಲೆ ಟವಲ್ ಹಾಕಿಸಿಕೊಂಡೆ. ಒಳಗೆ ಹೋದ ಮೇಲೆ ಕಣ್ಣು ಮುಚ್ಚಿದರೆ ಪ್ರಯೋಜನವಿಲ್ಲ, ನೋಡಿ ಆಗಿರುತ್ತದೆ. ಟವಲಿನ ಮಡಿಕೆಯಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಒಂದು ತುಂಡು ಮಲ್ಲಿಗೆ ದಂಡೆ. ಟೆಕ್ನಿಷಿಯನ್‌ಗೆ ತೋರಿಸಿ, ಕೇಳಿಯೇ ಇಟ್ಟುಕೊಂಡೆ.

ಆಮೇಲೆ ಮನಸ್ಸಿನಲ್ಲೇ ಬೆಟ್ಟ ಹತ್ತಲು ಶುರು ಮಾಡಿದೆ. ಆಷಾಢ ಶುಕ್ರವಾರ ನನ್ನ ಹೆಂಡತಿ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾಳೆ, ತಟ್ಟೆ ಹಿಡಿಯುವವನು ನಾನು. ಆ ಸಾವಿರ ಮೆಟ್ಟಿಲು ನನಗೆ ಗೊತ್ತಿರುವಷ್ಟು ನಮ್ಮ ಬೀದಿಯೂ ಗೊತ್ತಿಲ್ಲ. ಉಸಿರು ಒಳಗೆ ಒಂದು ಮೆಟ್ಟಿಲು, ಹೊರಗೆ ಒಂದು ಮೆಟ್ಟಿಲು. ಮಾಮೂಲಿ ಉಸಿರು ನಿಮಿಷಕ್ಕೆ ಹದಿನಾಲ್ಕೋ ಹದಿನೈದೋ. ಲೆಕ್ಕ ಹಾಕಿ ನೋಡಿ, 25 ನಿಮಿಷಕ್ಕೆ ಸರಿಯಾಗಿ ನಂದಿಯ ಹತ್ತಿರ, 700ರ ಸುಮಾರಿಗೆ ಬರುತ್ತೀರಿ. ನಡುವೆ ಒಂದು ಕಡೆ ಜೀವ ಝಲ್ ಅಂದಿತು. ಅಲ್ಲಿ ನಾನು ಯಾರನ್ನು ಜೊತೆಗೆ ಕರೆದುಕೊಂಡೆ, ಏನು ಮಾತಾಡಿದೆ ಅನ್ನುವುದನ್ನು ಹೇಳುವುದಿಲ್ಲ. ಅದು ನನ್ನದು, ನೀವು ನಿಮ್ಮದು ಹುಡುಕಿಕೊಳ್ಳಿ.

ಸದ್ದು ನಿಂತಿತು. ಮೇಜು ಹೊರಗೆ ಬಂತು. ಟವಲ್ ತೆಗೆದಾಗ ನಂದಿಗೆ ಇನ್ನೂ ಮೂವತ್ತು ನಲವತ್ತು ಮೆಟ್ಟಿಲು ಬಾಕಿ ಇತ್ತು.