ರೇಷ್ಮೆ ದಾರ, ಒದ್ದೆ ಅಂಗೈ

ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಹನುಮಂತನಗರದ ಮನೆಯಲ್ಲೇ ಕೂತು ಮಾಡುತ್ತೇನೆ. ಅಂಗೈ ಬೆವರುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಸಿಗಲಿಕ್ಕಿಲ್ಲ. ರೇಷ್ಮೆ ಸೆರಗಿಗೆ ನೀರು ತಾಗಿದರೆ ಕಲೆ, ದಾರ ಒದ್ದೆಯಾದರೆ ಬೆರಳಿಗೇ ಅಂಟುತ್ತದೆ. ಜನವರಿಯ ಚಳಿಯಲ್ಲೂ ಅದೇ ಕಥೆ, ಸುಮ್ನೆ ಸೆಕೆಯನ್ನು ಬೈದು ಏನು ಪ್ರಯೋಜನ?

ಚರ್ಮದ ಡಾಕ್ಟರ್ ಮೊದಲು ಕೇಳಿದ್ದು, "ನಿದ್ದೇಲೂ ಬೆವರುತ್ತಾ?" ಇಲ್ಲ ಅಂದೆ. ಚಿಕ್ಕಂದಿನಿಂದ ಇದೆ, ಎರಡೂ ಕೈ ಒಂದೇ ಥರ, ಅಮ್ಮನಿಗೂ ಇತ್ತು. ಹೀಗಿದ್ದರೆ ಸಾಮಾನ್ಯವಾಗಿ ಬೆವರಿನ ಗ್ರಂಥಿಗಳು ಸರಿಯಾಗೇ ಇರುತ್ತವೆ, ಅವುಗಳಿಗೆ ನರಗಳ ಒತ್ತಾಯ ಜಾಸ್ತಿ ಅಷ್ಟೇ. ರಾತ್ರಿ ಮೈಯೆಲ್ಲ ತೊಯ್ದರೆ, ದೊಡ್ಡವರಾದ ಮೇಲೆ ದಿಢೀರ್ ಶುರುವಾದರೆ ಮಾತ್ರ ಥೈರಾಯ್ಡ್, ಶುಗರ್, ಟಿಬಿ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ನೋಡಿಸಬೇಕು.

ಮೊದಲು ಕೊಟ್ಟಿದ್ದು ಶೇಕಡಾ 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ಮಲಗುವ ಮುಂಚೆ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ, ಬೆಳಗ್ಗೆ ತೊಳೆಯಬೇಕು. ಒದ್ದೆ ಕೈಗೆ ಹಚ್ಚಿದರೆ ಉರಿಯುತ್ತದೆ. ನನ್ನ ಕಂಕುಳಿಗೆ ಚೆನ್ನಾಗಿ ಹಿಡಿಸಿತು, ಅಂಗೈಗೆ ಅರೆಬರೆ. ಅಂಗೈ ಚರ್ಮ ದಪ್ಪ ಅಲ್ವಾ.

ಆಮೇಲೆ ಅಯಾಂಟೋಫೊರೆಸಿಸ್. ಎರಡು ತಟ್ಟೆಯ ನೀರಿನಲ್ಲಿ ಒಂದೊಂದು ಕೈ ಇಟ್ಟರೆ ಯಂತ್ರ ಸಣ್ಣಗೆ ಕರೆಂಟು ಹರಿಸುತ್ತದೆ. ಜುಮುಜುಮು ಅನ್ನುತ್ತದೆ. ಸುಮಾರು 20 ನಿಮಿಷ, ಶುರುವಿನಲ್ಲಿ ವಾರಕ್ಕೆ ಮೂರು ಸಲ. ಕ್ಲಿನಿಕ್ಕಿನಲ್ಲಿ ಕಲಿತು ಯಂತ್ರ ಕೊಂಡೆ. ನೀರಿನ ವಿಷಯಕ್ಕೆ ನಮ್ಮ ಬೋರ್‌ವೆಲ್ ನೀರೇ ಸರಿ. ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವ ಆ ಗಡಸು ನೀರಿನಲ್ಲಿ ಲವಣ ಇರುವುದರಿಂದ ಕರೆಂಟು ಚೆನ್ನಾಗಿ ಹರಿಯುತ್ತದೆ. ಆರ್‌ಒ ನೀರಾದರೆ ಚಿಟಿಕೆ ಅಡುಗೆ ಸೋಡಾ ಬೇಕು. ಬಳೆ, ಉಂಗುರ ತೆಗೆಯಬೇಕು, ಗಾಯಕ್ಕೆ ವ್ಯಾಸಲೀನ್ ಸವರಬೇಕು, ಕರೆಂಟು ಹರಿಯುವಾಗ ಕೈ ಸರ್ರನೆ ಎತ್ತಬಾರದು. ಬಸುರಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಇದು ಬೇಡವೇ ಬೇಡ. ಬ್ಯಾಟರಿ, ತಂತಿ ತಂದು ಮನೆಯಲ್ಲೇ ಯಂತ್ರ ಮಾಡುವ ಸಾಹಸವೂ ಬೇಡ.

ಮಾತ್ರೆಗಳೂ ಇವೆ, ಆದರೆ ಬಾಯಿ ಒಣಗಿಸುತ್ತವೆ. ಬೊಟಾಕ್ಸ್ ಸೂಜಿಯ ಗುಣ ಕೆಲವು ತಿಂಗಳಷ್ಟೇ, ಅಂಗೈಗೆ ನೋವೂ ಹೌದು. ಎದೆಯೊಳಗೆ ನರ ಕತ್ತರಿಸುವ ಆಪರೇಷನ್ ಮಾಡಿಸಿದರೆ ಕೈ ಒಣಗುತ್ತದೆ, ಬದಲಿಗೆ ಬೆನ್ನು, ಹೊಟ್ಟೆ ಬೆವರಲು ಶುರುವಾಗಬಹುದು. ಆ ವ್ಯಾಪಾರ ನನಗೆ ಒಪ್ಪಿಗೆಯಾಗಲಿಲ್ಲ.

ಈಗ ನೀರಿನ ಯಂತ್ರದಲ್ಲಿ ವಾರಕ್ಕೊಂದು ಸಲ ಕೈ ಇಟ್ಟರೆ ಸಾಕು. ಬಿಟ್ಟರೆ ಬೆವರು ಮರಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಸೀರೆಗಳು ರಾಶಿ ಬಿದ್ದಿರುತ್ತವೆ, ಆಗಲೂ ಭಾನುವಾರದ ಸರದಿ ತಪ್ಪಿಸುವುದಿಲ್ಲ.